ಫಕ್ಕೀರಸಾಬನ ಶ್ರುತಿಪೆಟ್ಟಿಗೆ

ನಮ್ಮೂರು ಅಗಡಿಯಲ್ಲಿ ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಕೆಟ್ಟರೆ ಹೋಗುವುದು ಫಕ್ಕೀರಸಾಬನ ಅಂಗಡಿಗೆ. ಅವನ ಕೈಗಿಂತ ಬಾಯಿ ಚುರುಕು. ತನ್ನಿಂದ ತಪ್ಪಾಯಿತು ಎಂದು ಆತ ಒಪ್ಪಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಏನು ಕೆಟ್ಟರೂ ಕಂಪನಿಯ ತಪ್ಪು, ಇಲ್ಲವೇ ಗಿರಾಕಿಯ ತಪ್ಪು. ಅಂಥವನಿಗೆ ನಾನು ಈಗ ಮನಸಾರೆ ಕೈಮುಗಿಯುತ್ತೇನೆ. ಅದಕ್ಕೆ ಕಾರಣ ನಮ್ಮ ಅವ್ವ ದೇವವ್ವ.

ಅವ್ವ ಊರ ಭಜನಾ ಮೇಳದ ಮುಖ್ಯ ಹಾಡುಗಾರ್ತಿ. ಹಾರ್ಮೋನಿಯಂ ನುಡಿಸುತ್ತಿದ್ದವರು ತೀರಿಕೊಂಡ ಮೇಲೆ ಶ್ರುತಿಗೆ ಆಧಾರವಿಲ್ಲದೆ ಮೇಳ ಸೊರಗಿತು. ಆಗ ಫಕ್ಕೀರಸಾಬ ಹಳೆಯ ರೇಡಿಯೊದ ಸ್ಪೀಕರು, ರಾಣೆಬೆನ್ನೂರಿನಿಂದ ತಂದ ಬಿಡಿಭಾಗ ಸೇರಿಸಿ ತಾನೇ ಒಂದು ಶ್ರುತಿಪೆಟ್ಟಿಗೆ ಮಾಡಿಕೊಟ್ಟ. ಅದು ಓಡುವುದು ಪಂಪಿನ ಬ್ಯಾಟರಿಯ ಮೇಲೆ. ಹಗಲೆಲ್ಲ ನಮ್ಮ ಮೆಣಸಿನಗಿಡಕ್ಕೆ ಔಷಧಿ ಹೊಡೆದ ಬ್ಯಾಟರಿಯೇ ಸೋಮವಾರ ಸಂಜೆ ಭಜನೆಗೂ ಬರುತ್ತಿತ್ತು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಈ ವರ್ಷ ಬೆಳೆಗೆ ರೋಗ ಹೆಚ್ಚು, ಔಷಧಿಯೂ ಹೆಚ್ಚು. ಅದೇ ಹೊತ್ತಿಗೆ ಅವ್ವನ ಸ್ವರ ಪೆಟ್ಟಿಗೆಗೆ ಕೂಡದಾಯಿತು. ತಬಲಾ ಬಾರಿಸುವ ಭರಮಣ್ಣ ಎಲ್ಲರೆದುರು ಅಂದೇಬಿಟ್ಟ: “ದೇವವ್ವಾ, ನೀ ಶ್ರುತಿ ಬಿಡಾಕತ್ತೀದಿ. ವಯಸ್ಸಾತು, ಏನ್ ಮಾಡೂದು?”

ನನಗೆ ಮೈಯೆಲ್ಲ ಉರಿಯಿತು. ಪೆಟ್ಟಿಗೆ, ಬ್ಯಾಟರಿ ಎರಡನ್ನೂ ಒಯ್ದು ಫಕ್ಕೀರಸಾಬನ ಮುಂದೆ ಕುಕ್ಕಿದೆ. ಆತ ಬ್ಯಾಟರಿಗೆ ಮೀಟರು ಹಚ್ಚಿ, “ಹನ್ನೆರಡು ವೋಲ್ಟ್ ಭರ್ತಿ ಐತಿ. ನನ್ನ ಪೆಟ್ಟಿಗಿ ಸುಳ್ಳ ಹೇಳಂಗಿಲ್ಲ ತಂಗೀ” ಎಂದ. ಸುದ್ದಿ ಕೇಳಿದ ಅವ್ವ, “ಸೋಮವಾರದಿಂದ ನೀನ ಹಾಡವಾ ಕಾವೇರಿ” ಎಂದು ಒಲೆಯ ಮುಂದೆ ಕೂತಳು. ಹಾಡಿಲ್ಲದೆ ರೊಟ್ಟಿ ಬಡಿಯುವ ಅವ್ವನನ್ನು ನಾನು ಮೊದಲ ಸಲ ನೋಡಿದೆ.

ಭಾನುವಾರ ಫಕ್ಕೀರಸಾಬ ಪೆಟ್ಟಿಗೆ, ಬ್ಯಾಟರಿ, ಮೀಟರು ಹೊತ್ತು ತಾನೇ ಮನೆಗೆ ಬಂದ. ಅಂಗಡಿಗೆ ಯಾರದೋ ಪಂಪು ಬಂದಿತ್ತಂತೆ. ಸುಮ್ಮನೆ ಅಳೆದರೆ ಬ್ಯಾಟರಿ ಭರ್ತಿ, ಸ್ವಿಚ್ಚು ಒತ್ತಿ ಕೆಲಸಕ್ಕೆ ಹಚ್ಚಿದರೆ ಬ್ಯಾಟರಿ ಸೋತು ಔಷಧಿ ಬರೀ ತೊಟ್ಟಿಕ್ಕುತ್ತಿತ್ತಂತೆ.

“ಅಕ್ಕಾ, ಅವತ್ತ ನಾ ಪೆಟ್ಟಿಗಿ ಬಂದ್ ಇಟ್ಟು ಅಳದಿದ್ದೆ. ಈಗ ಚಾಲೂ ಮಾಡಿ ಅಳೀತೇನಿ. ನೀ ಒಂದು ಸ್ವರ ಹಿಡಿ.”

ಅವ್ವ ಒಲ್ಲೆ ಎಂದಳು. ಆತ ಬಿಡಲಿಲ್ಲ. ಕೊನೆಗೆ ಅವ್ವ ಪೆಟ್ಟಿಗೆಯ ಜೊತೆ ಸ್ವರ ಹಿಡಿದಳು. ಮೀಟರಿನ ಅಂಕಿ ಮೆಲ್ಲಗೆ ಇಳಿಯತೊಡಗಿತು, ಪೆಟ್ಟಿಗೆಯ ಸ್ವರವೂ ಜೊತೆಗೇ ಇಳಿಯಿತು. ಅವ್ವನದು ಇದ್ದಲ್ಲೇ ಇತ್ತು.

“ನೀ ಇಳದಿಲ್ಲಕ್ಕಾ! ನನ್ನ ಪೆಟ್ಟಿಗಿ ಇಳದೈತಿ!” ಎಂದು ಫಕ್ಕೀರಸಾಬ ಕೂಗಿದ.

ಅಲ್ಲೇ ಕೂತು, ಬ್ಯಾಟರಿ ಸ್ವಲ್ಪ ಇಳಿದರೂ ಸ್ವರ ಇಳಿಯದಂತೆ ಒಳಗೆ ಒಂದು ರೆಗ್ಯುಲೇಟರ್ ಬೆಸೆದ. ಪೆಟ್ಟಿಗೆಯನ್ನು ಅವ್ವನ ಕಂಠಕ್ಕೆ ಕೂಡಿಸಿದ. ಭಜನೆಗೆಂದೇ ಬೇರೆ ಬ್ಯಾಟರಿಯನ್ನೂ ಕೊಟ್ಟ. ಇಷ್ಟೇ ಮಾಡಿದ್ದರೂ ನಾನು ಋಣಿಯೇ.

ಸೋಮವಾರ ಸಂಜೆ ಭಜನೆ ಶುರುವಾಗುವ ಮೊದಲೇ ಆತ ಎಲ್ಲರ ನಡುವೆ ಎದ್ದು ನಿಂತ. “ತಪ್ಪು ನಂದು. ಪೆಟ್ಟಿಗಿ ಮಾಡಿದಾಂವ ನಾ, ತಪ್ಪು ಅಳದಾಂವನೂ ನಾ. ದೇವವ್ವಕ್ಕನ ಸ್ವರ ಕೂದಲೆಳಿಯಷ್ಟೂ ಸರದಿಲ್ಲ.”

ಭರಮಣ್ಣ ತಲೆ ತಗ್ಗಿಸಿದ. ಅವ್ವ ಹಾಡಲು ಬಾಯಿ ತೆರೆದಳು. ಮೊದಲ ಸಾಲಿಗೇ ಸ್ವರ ಪೆಟ್ಟಿಗೆಗೆ ಕೂಡಿತು. ನಾನಂತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮಂಗಳಾರತಿಯಾಗಿ ಜನ ಏಳತೊಡಗಿದಾಗ ಅವ್ವ, “ಎಲ್ಲಿ ಹೊಂಟೀರಿ? ಕುಂದರ್ರಿ, ಇನ್ನೊಂದು ಹಾಡ್ತೇನಿ” ಎಂದಳು.