ಆರ್ವಿಲ್ ಪೊರಕೆ ಕೆಳಗಿಟ್ಟದ್ದು

ಕ್ಯಾಲಿಫೋರ್ನಿಯಾದ ಕೆಸ್ಟರ್ ಎಂಬ ಸಣ್ಣ ಊರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದ ಆರ್ವಿಲ್ ಟ್ಯಾಕೆಟ್ ತೆರಿಗೆಯ ಹೆಸರು ಕೇಳಿದರೆ ಕತ್ತರಿ ಕೆಳಗಿಡುವ ಮನುಷ್ಯ. ಗಿರಾಕಿಯ ಅರ್ಧ ತಲೆ ಹಾಗೇ ಉಳಿದರೂ ಸರಿ, ಮೊದಲು ಭಾಷಣ ಮುಗಿಯಬೇಕು. ಬೆಳಗಾದರೆ ತನ್ನ ಅಂಗಡಿಯ ಮುಂದಷ್ಟೇ ಅಲ್ಲ, ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಗುಡಿಸುತ್ತಿದ್ದ. ಯಾರೂ ಹೇಳಿದ್ದಲ್ಲ, ಯಾರೂ ಹೊಗಳಿದ್ದೂ ಅಲ್ಲ. ಬೀದಿ ತನ್ನ ಕೈಯಿಂದಲೇ ಬೀದಿಯಾಗಿ ಉಳಿದಿದೆ ಎಂಬ ಜಂಬವೊಂದೇ ಅವನಿಗೆ ಸಿಕ್ಕ ಕೂಲಿ.

ಆ ವರ್ಷ ನಗರಸಭೆಯವರು ಮಾರಾಟ ತೆರಿಗೆಯನ್ನು ತುಸು ಏರಿಸಿ, ಹೆಚ್ಚು ಪೊಲೀಸರನ್ನೂ ಬೀದಿ ಗುಡಿಸುವ ಯಂತ್ರವನ್ನೂ ತರೋಣವೇ ಎಂದು ಊರವರ ಮತಕ್ಕೆ ಬಿಟ್ಟರು. ಆರ್ವಿಲ್ ಕಿಟಕಿಯಲ್ಲಿ ‘ಬೇಡ’ ಎಂಬ ಫಲಕ ನಿಲ್ಲಿಸಿದ. ಎದುರು ಬೇಕರಿಯ ಮಾರ್ಗೋ ‘ಬೇಕು’ ಎನ್ನುವವರ ಮುಂದಾಳು. ಅವಳು ಹಂಚಿದ ಕರಪತ್ರದಲ್ಲಿ ಕನ್ನಡಿಯಂಥ ಬೀದಿಯೊಂದರ ಚಿತ್ರವಿತ್ತು. ಕೆಳಗೆ, ‘ತೆರಿಗೆ ಗೆದ್ದರೆ ನಮ್ಮೂರು ಹೀಗಿರುತ್ತದೆ.’

ಚಿತ್ರದಲ್ಲಿದ್ದದ್ದು ಆರ್ವಿಲ್ ಗುಡಿಸಿದ ಬೀದಿ.

ಅವನು ಬೇಕರಿಗೆ ನುಗ್ಗಿದ. “ಇದು ನಾನು ಬಿಟ್ಟಿ ಗುಡ್ಸಿದ್ದು ಕಣೇ ಮಾರ್ಗೋ. ಇದನ್ನ ತೋರ್ಸಿ ತೆರಿಗೆ ಕೇಳ್ತೀಯಾ?”

“ಇನ್ಯಾವ ಬೀದಿ ತೋರ್ಸ್ಲಿ ಹೇಳು? ಬೇರೆಲ್ಲಾ ಗಬ್ಬೆದ್ದಿವೆ. ಡೋನಟ್ ತಿನ್ನು, ಸಿಟ್ಟು ಇಳಿಯುತ್ತೆ.”

“ನಾಳೆಯಿಂದ ಪೊರಕೆ ಮುಟ್ಟಲ್ಲ. ನಿನ್ನ ಚಿತ್ರ ಸುಳ್ಳು ಅಂತ ಊರೇ ನೋಡ್ಲಿ.”

“ಮುಟ್ಟಬೇಡ ಮಾರಾಯ. ನಿನ್ನ ಸೊಂಟಕ್ಕೂ ಸ್ವಲ್ಪ ಆರಾಮ.”

ಪೊರಕೆ ಮೂಲೆ ಸೇರಿತು. ನೋಡನೋಡುತ್ತ ಕಾಫಿ ಲೋಟ, ಒಣಗಿದೆಲೆ, ಎರಡೂ ಕಡೆಯವರ ಹರಿದ ಫಲಕ ಎಲ್ಲವೂ ದಾರಿಹೋಕರ ಕಾಲಿಗೆ ತೊಡರತೊಡಗಿದವು. ಆರ್ವಿಲ್ಲನ ಕೈ ತುರಿಸುತ್ತಿತ್ತು. ಹಟ ಬಿಡದೆ ಕಿಟಕಿಗೆ ಬೆನ್ನು ಹಾಕಿ ಕ್ಷೌರ ಮಾಡಿದ.

ಹಳೇ ಗಿರಾಕಿ ಹೋಬರ್ಟ್ ಒಂದು ದಿನ ಕುರ್ಚಿಯಲ್ಲಿ ಕೂತವನೇ ಅಂದ, “ಏನಯ್ಯ, ಬೀದಿ ಇಷ್ಟು ಕೆಟ್ಹೋಯ್ತು? ನಾನೂ ನಿನ್ನ ಹಾಗೆ ಬೇಡ ಅಂತಲೇ ಇದ್ದೆ. ಇದನ್ನ ನೋಡಿ, ಮನೆಗೆ ಬಂದ ಮತಪತ್ರದಲ್ಲಿ ಬೇಕು ಅಂತ ಗುರುತು ಹಾಕಿ ಅಂಚೆಗೆ ಹಾಕ್ಬಿಟ್ಟೆ.”

ಕತ್ತರಿ ಅವನ ಕಿವಿಯ ಪಕ್ಕದಲ್ಲೇ ನಿಂತಿತು. ಆರ್ವಿಲ್ ಆ ದಿನ ಭಾಷಣ ಮಾಡಲಿಲ್ಲ.

ತೆರಿಗೆ ಗೆದ್ದಿತು.

ಯಂತ್ರ ಮೊದಲ ಸಲ ಬರುವ ದಿನ ಆರ್ವಿಲ್ ಅದಕ್ಕಿಂತ ಮುಂಚೆ ಎದ್ದು, ಬೀದಿಯುದ್ದಕ್ಕೂ ಗುಡಿಸಿ, ಪೊರಕೆಗೆ ಒರಗಿ ನಿಂತ. ಯಂತ್ರ ಗುರುಗುಟ್ಟುತ್ತ ಬರೀ ನೆಲ ಉಜ್ಜಿಕೊಂಡು ಹೋಯಿತು.

“ನೋಡಿದ್ಯಾ?” ಅಂದ ಮಾರ್ಗೋಗೆ. “ನಿನ್ನ ಯಂತ್ರಕ್ಕೆ ನನ್ನ ಬೀದೀಲಿ ಒಂದೆಲೆನೂ ಸಿಗ್ಲಿಲ್ಲ.”

ಮಾರ್ಗೋ ಆಗಲೇ ಯಂತ್ರವೂ ಅದರ ಹಿಂದಿನ ಚೊಕ್ಕ ಬೀದಿಯೂ ಒಟ್ಟಿಗೆ ಕಾಣುವಂತೆ ಫೋನು ಎತ್ತಿ ಹಿಡಿದಿದ್ದಳು.

“ಸ್ವಲ್ಪ ಪಕ್ಕಕ್ಕೆ ಸರಿಯಪ್ಪ. ಚಿತ್ರಕ್ಕೆ ಅಡ್ಡ ಬರ್ತಿದ್ದೀಯ.”