ಅಂತರಿಕ್ಷದಲ್ಲಿ ಮೂಡಲ ಯಾವ ಕಡೆ?

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೊದಲೆಲ್ಲ ಎದ್ದು ಹೋಗುತ್ತಿದ್ದೆ. ಧೈರ್ಯಸ್ಥನಾಗಿದ್ದೆ ಎಂದಲ್ಲ. ಗ್ಯಾಸಿನ ಸಿಲಿಂಡರು, ಎದೆಯಲ್ಲಿ ಏಳುವ ಚಳುಕು, ಕೃಷ್ಣಾ ಸೇತುವೆ ಮೇಲೆ ಬಸ್ಸಿನ ಬ್ರೇಕು, ಇವಕ್ಕೆ ಹೆದರುವುದರಲ್ಲೇ ನನ್ನ ದಿನ ಮುಗಿದುಹೋಗುತ್ತಿತ್ತು. ಕಾಣದ್ದಕ್ಕೆ ಹೆದರಲು ಪುರಸೊತ್ತು ಇರಲಿಲ್ಲ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಅದೂ ವಿಡಿಯೋ ಗೇಮ್ ಆಡುವಾಗ ಆದದ್ದು. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ತೆಲಂಗಾಣ ಬೇರೆ ರಾಜ್ಯವಾಗಿ, ಗದ್ವಾಲ ಜಿಲ್ಲೆಯಾದ ಹೊಸತು. ಮಕ್ತಲಿನ ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು ಇಬ್ಬರೇ. ನನಗೆ ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೊರಟಾಗೆಲ್ಲ ಹೊಟ್ಟೆ ಕೆಡುತ್ತಿತ್ತು. ಹೆಣ್ಣಿನ ಮನೆಯವರು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಳ್ಳುತ್ತಿದ್ದರು. ನಾರಾಯಣಪೇಟೆಯ ನೇಕಾರರಿಗೆ ಸೀರೆಯಂಚಿನ ಡಿಸೈನು ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆಂದು ಅಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಇಂಟರ್ನೆಟ್ ಅಂಗಡಿಯಿಂದ ಹಳೆಯ ಕಂಪ್ಯೂಟರ್ ತಂದಿದ್ದೆ. ಅದರೊಳಗೆ ಯಾರೋ ಬಿಟ್ಟುಹೋದ ಒಂದು ಆಟವಿತ್ತು.

ಆಟ ಎಂದರೆ ಅದರಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಒಂದು ನೌಕೆ ಕೊಟ್ಟು ಅಂತರಿಕ್ಷದಲ್ಲಿ ಬಿಟ್ಟುಬಿಡುತ್ತಾರೆ. ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು, ಯಾರೂ ಹೇಳುವುದಿಲ್ಲ. ಹೋದಷ್ಟೂ ನಕ್ಷತ್ರಗಳು. ಬೇಕಾದ ಗ್ರಹದಲ್ಲಿ ಇಳಿಯಬಹುದು, ನಡೆಯಬಹುದು, ಕಲ್ಲು ಆರಿಸಬಹುದು. ಎಲ್ಲಿಯೂ ಮನುಷ್ಯರಿಲ್ಲ. ಅವ್ವನಿಗೆ ಲಕ್ವಾ ಹೊಡೆದು ಮಾತು ನಿಂತ ಮೇಲೆ ನಮ್ಮ ಮನೆಯೂ ಹೆಚ್ಚುಕಡಿಮೆ ಹಾಗೇ ಆಗಿತ್ತು. ಹಾಗಾಗಿ ನನಗೆ ಆ ಆಟ ಬೇಗ ಹೊಂದಿಕೊಂಡಿತು.

ಹೊಂದದ್ದು ದಿಕ್ಕು. ನಮ್ಮ ಮನೆಯಲ್ಲಿ ಎಡ, ಬಲ ಎಂಬ ಮಾತೇ ಇರಲಿಲ್ಲ. 'ತಂಬಿಗಿ ತೆಂಕಲಕ ಸರಸು' ಎನ್ನುತ್ತಿದ್ದಳು ಅವ್ವ. 'ನಿನ್ನ ಮೂಡಲ ಗಲ್ಲಕ್ಕ ಅನ್ನ ಹತ್ತೈತಿ ನೋಡು' ಎನ್ನುತ್ತಿದ್ದಳು. ಕಣ್ಣು ಕಟ್ಟಿ ಮೂರು ಸುತ್ತು ತಿರುಗಿಸಿ ಬಿಟ್ಟರೂ ಅವಳಿಗೆ ಮೂಡಲ ಯಾವುದು ಎಂದು ತಿಳಿಯುತ್ತಿತ್ತು. ನಾನು ಅದೇ ಮನೆಯಲ್ಲಿ ಬೆಳೆದವನು. ಪಡಸಾಲೆಯ ಬಡಗಲ ಗೋಡೆಗೆ ಮುಖ ಮಾಡಿ ಕಂಪ್ಯೂಟರಿನ ಮುಂದೆ ಕೂತರೆ ಪರದೆಯ ಬಲಗಡೆ ನನ್ನ ಪಾಲಿಗೆ ಮೂಡಲ, ಅಷ್ಟೇ. ನೌಕೆ ಯಾವ ಕಡೆ ಹೊರಳಿದರೂ ಪರದೆಯ ಬಲಗಡೆ ಮೂಡಲವೇ! ಹೀಗಾಗಿ ಬಡಗಲಕ್ಕೆ ನೆಟ್ಟಗೆ ಹೋಗುತ್ತಿದ್ದೇನೆ ಎಂದುಕೊಂಡು ಒಂದು ಕೆಂಪು ಗ್ರಹದ ಸುತ್ತ ವಾರಗಟ್ಟಲೆ ಗಾಣದ ಎತ್ತಿನಂತೆ ತಿರುಗಿದೆ. ಪ್ರತಿ ಸಲವೂ ಅದು ಹೊಸ ಗ್ರಹವೆಂದು ಖುಷಿಪಟ್ಟೆ.

ಇತ್ತ ನಮ್ಮೂರಿಗೆ ಮೂಡಲಕ್ಕಿರುವ ಗದ್ವಾಲದಿಂದ ಅಕ್ಕ ಫೋನ್ ಮಾಡಿದಾಗೆಲ್ಲ ಒಂದೇ ಮಾತು.

"ಲೇ ತಮ್ಮಾ, ಅವ್ವನ್ನ ನಮ್ಮ ಮನಿಗಿ ಕರಕೊಂಡು ಬರ್ತೀನಿ. ನಿನಗ ನಿನ್ನ ಚಡ್ಡಿ ಒಗಿಯಾಕ ಆಗಂಗಿಲ್ಲ, ಆಕಿನ್ನ ಏನು ನೋಡ್ತಿ? ನಮ್ಮೂರು ಈಗ ಜಿಲ್ಲಾ ಆಗೈತಿ. ದೊಡ್ಡ ದವಾಖಾನಿ ಆಗ್ತೈತಿ."

"ಆಗ್ತೈತಿ ಅಂದ್ರ ಯಾವಾಗಕ್ಕಾ?"

"ನಿನ್ನ ಲಗ್ನಕ್ಕಿಂತ ಮೊದಲೇ ಆಗ್ತೈತಿ ತಗೋ."

ಆಮೇಲೆ ದನಿ ಇಳಿಸಿ ಹೇಳಿದಳು: "ಆಕಿಗಿ ಯಾ ಮನಿಯಾದ್ರೇನೋ? ತಾ ಎಲ್ಲಿದ್ದೀನಿ ಅನ್ನೋದೇ ಗೊತ್ತಿಲ್ಲ ಆಕಿಗಿ."

ಡಾಕ್ಟರೂ ಹಾಗೇ ಹೇಳಿದ್ದರು. ಭಾನುವಾರ ಕಾರು ತರುತ್ತೇನೆಂದು ಅಕ್ಕ ತೀರ್ಮಾನ ಮಾಡಿದಳು. ನಾನು ಹೂಂ ಅಂದೆ. ಅವ್ವ ಗದ್ವಾಲಕ್ಕೆ ಹೋದ ಮೇಲೆ ಆ ಮನೆಯಲ್ಲಿ ಯಾರಿಗೆ ಗಂಜಿ ಮಾಡಬೇಕು, ಯಾರು ಕೆಮ್ಮಿದರೆ ಎದ್ದು ಓಡಬೇಕು ಎಂದು ಯೋಚಿಸುತ್ತ ಆ ವಾರ ಕಳೆದೆ.

ಶನಿವಾರ ಸಂಜೆ, ದೀಪ ಹಚ್ಚುವ ಹೊತ್ತು. ಅವ್ವನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಪಡಸಾಲೆಗೆ ಬಂದು ಆಟ ಹಚ್ಚಿದೆ. ಅವ್ವನ ಮಂಚ ಒಳಗಿನ ಕೋಣೆಯಲ್ಲಿತ್ತು, ನಡುವೆ ಗೋಡೆ. ಅಲ್ಲಿಂದ ನಾನೂ ಕಾಣುವುದಿಲ್ಲ, ಪರದೆಯೂ ಕಾಣುವುದಿಲ್ಲ. ಇಯರ್‌ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಾಕುತ್ತಿದ್ದೆ. ಇನ್ನೊಂದು ಕಿವಿ ಅವ್ವನಿಗೆ.

ಆವತ್ತು ಎಂದೂ ಹೋಗದ ಒಂದು ಗ್ರಹದಲ್ಲಿ ಇಳಿದು, ನೌಕೆ ಬಿಟ್ಟು ಬಹಳ ದೂರ ನಡೆದುಬಿಟ್ಟೆ. ಧೂಳಿನ ಬಿರುಗಾಳಿ ಎದ್ದಿತು. ನೌಕೆ ಎಲ್ಲಿದೆ ಎಂದು ತೋರಿಸುವ ಗುರುತು ಪರದೆಯಿಂದ ಮಾಯವಾಯಿತು. ನಾಲ್ಕೂ ಕಡೆ ಒಂದೇ ಬಣ್ಣ. ಉಸಿರಾಟದ ಗಾಳಿ ಮುಗಿಯುತ್ತ ಬಂದಿದೆ ಎಂದು ಯಂತ್ರ ಬಡಿದುಕೊಳ್ಳುತ್ತಿತ್ತು. ಎತ್ತರದಿಂದ ಕಂಡೀತೆಂದು ದಿಬ್ಬ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಆಟವೆಂದು ಗೊತ್ತಿದ್ದೂ ಅಂಗೈ ಬೆವರಿತು. ಈ ವಯಸ್ಸಿನಲ್ಲಿ ಇದು ನಾಚಿಕೆಯ ಮಾತು, ಆದರೆ ನಿಜ.

ಆಗ ಒಳಗಿನಿಂದ ಅವ್ವ ಹೇಳಿದಳು: "ಮೂಡಲಕ ನಡಿ. ತೆಗ್ಗಿನಾಗ ಐತಿ."

ತೊದಲಲಿಲ್ಲ. ಮೊದಲಿನ ದನಿಯೇ, ಸ್ವಲ್ಪ ಸಿಟ್ಟೂ ಇತ್ತು, ಎದುರಿಗೇ ಇರುವ ವಸ್ತು ಕಾಣದವನಿಗೆ ಹೇಳುವಂಥ ಸಿಟ್ಟು. ವಿಚಿತ್ರವೆಂದರೆ ನನಗೆ ಆ ಗಳಿಗೆಯಲ್ಲಿ ಆಶ್ಚರ್ಯವೇ ಆಗಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು. ಕೈ ತಾನಾಗಿ ಮೌಸನ್ನು ಪರದೆಯ ಬಲಕ್ಕೆ ತಿರುಗಿಸಿತು. ಸ್ವಲ್ಪ ನಡೆದೆ. ನೆಲ ಇಳಿಜಾರಾಯಿತು. ದೊಡ್ಡ ತೆಗ್ಗು. ಅದರೊಳಗೆ ನನ್ನ ನೌಕೆ ನಿಂತಿತ್ತು.

ಮಾತಾಡಿದ್ದು ಅವ್ವ ಎಂಬುದು ಆಮೇಲೆ ಹೊಳೆಯಿತು. ಕಿವಿಯಿಂದ ವಯರು ಕಿತ್ತು ಒಳಗೆ ಓಡಿದೆ. ಅವ್ವ ಎಂದಿನಂತೆ ಅಂಗಾತ ಮಲಗಿ ತೊಲೆ ನೋಡುತ್ತಿದ್ದಳು.

"ಅವ್ವಾ, ಏನಂದಿ? ಇನ್ನೊಮ್ಮೆ ಅನ್ನು."

ರೆಪ್ಪೆ ಬಡಿದಳು, ಅಷ್ಟೇ.

ಮರುದಿನ ಅಕ್ಕ ಬಂದಳು. ಅವ್ವನ ಸೀರೆಗಳನ್ನು ಗಂಟು ಕಟ್ಟುತ್ತಿದ್ದವಳಿಗೆ ಎಲ್ಲ ಹೇಳಿದೆ. ಅವ್ವನಿಗೆ ತಾನು ಎಲ್ಲಿದ್ದೇನೆಂಬುದು ಗೊತ್ತಿದೆ, ಕರೆದೊಯ್ಯಬೇಡ ಎಂದೆ.

"ಆಟದಾಗಿನ ಇಮಾನಕ್ಕ ಅವ್ವ ದಾರಿ ತೋರಿಸಿದ್ಲಾ? ಬಸ್ಸಿನಾಗ ಕುಂತ್ರ ವಾಂತಿ ಮಾಡ್ಕೊಂತಿದ್ಲಲ್ಲೋ ಆಕಿ! ಮೂಡಲಕ ನಡಿ ಅಂದ್ರ ಗದ್ವಾಲಕ್ಕ ನಡಿ ಅಂದಿರ್ಬೇಕು ನೋಡು."

"ಹಂಗಾದ್ರ ನಿಮ್ಮ ಮನಿ ತೆಗ್ಗಿನಾಗ ಐತೇನು?"

"ಹಲ್ಲು ಉದುರಿಸ್ತೀನಿ ನೋಡು!"

ಇಬ್ಬರೂ ನಕ್ಕೆವು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಆಮೇಲೆ ಅಕ್ಕ ಗಂಟು ಬಿಟ್ಟು ಅವ್ವನ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

"ಅವ್ವಾ, ಮೂಡಲ ಯಾ ಕಡಿಗಿ ಐತಿ? ಬಾಯಿಲೆ ಬ್ಯಾಡ, ಕಣ್ಣು ಹೊಳ್ಳಿಸಿ ತೋರಸು ಸಾಕು."

ಅವ್ವ ತೊಲೆಯನ್ನೇ ನೋಡಿದಳು. ಅಕ್ಕ ಕಾದಳು. ಅವಳಿಗೆ ಅಷ್ಟು ತಾಳ್ಮೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಸೆರಗಿನಿಂದ ಅವ್ವನ ಕಟವಾಯಿ ಒರೆಸಿ ಎದ್ದಳು.

"ಇರಲಿ ಬಿಡು. ಇನ್ನೊಂದಿಷ್ಟು ದಿನ ಇಲ್ಲೇ ಇದ್ದು ನಿನಗ ಜೊತಿ ಆಗ್ಲಿ, ನೋಡೋಣು," ಎಂದಳು. ನನ್ನ ಮುಖ ನೋಡಲಿಲ್ಲ.

ಕಾರು ಖಾಲಿ ಹೋಯಿತು. ಅವ್ವ ನನ್ನ ಜೊತೆಯೇ ಉಳಿದಳು, ಮರುವರ್ಷ ತೀರಿಕೊಳ್ಳುವ ತನಕ. ಮತ್ತೆ ಒಂದು ಮಾತೂ ಆಡಲಿಲ್ಲ. ನಾನು ಬೇಕೆಂದೇ ಎಷ್ಟೋ ಗ್ರಹಗಳಲ್ಲಿ ದಾರಿ ತಪ್ಪಿಸಿಕೊಂಡು, "ಎಲ್ಲೈತಿ, ಎಲ್ಲೈತಿ" ಎಂದು ಗಟ್ಟಿಯಾಗಿ ಅಂದಿದ್ದೇನೆ. ಒಳಗಿನಿಂದ ಉಸಿರಿನ ಸದ್ದು ಬಿಟ್ಟರೆ ಏನೂ ಬರುತ್ತಿರಲಿಲ್ಲ.

ಲಕ್ವಾ ಆದವರು ಒಮ್ಮೊಮ್ಮೆ ಹಳೆಯ ಮಾತೊಂದನ್ನು ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಅಂದುಬಿಡುವುದುಂಟು ಎಂದು ಡಾಕ್ಟರು ಹೇಳಿದರು. ಆವತ್ತು ನಾನೂ ಗೊಣಗಿರಬೇಕು, ನನಗೆ ಆ ಚಾಳಿ ಇದೆ. ಏನೋ ಹುಡುಕುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿರಬಹುದು. ನಾಲ್ಕು ದಿಕ್ಕಿನಲ್ಲಿ ಒಂದು ಸರಿಹೋಯಿತು ಎಂದೂ ಒಪ್ಪುತ್ತೇನೆ. ಆದರೆ ತೆಗ್ಗು? ನಾನೇ ದಿಬ್ಬ ಹತ್ತಿ ಹುಡುಕುತ್ತಿದ್ದಾಗ ತೆಗ್ಗು ಅವಳಿಗೆ ಹೇಗೆ ಗೊತ್ತಾಯಿತು? ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಅದೂ ಅಲ್ಲ. ಅಕ್ಕನ ಮನೆ ತುಂಬ ಜನ. ಮೊಮ್ಮಕ್ಕಳು, ಬೀಗರು, ಜಗಳ, ನಗು. ಅಲ್ಲಿಗೆ ಹೋಗಿದ್ದರೆ ಆ ಗದ್ದಲದಲ್ಲಿ ಅವ್ವ ಇನ್ನೂ ನಾಲ್ಕು ಮಾತು ಆಡುತ್ತಿದ್ದಳೋ ಏನೋ.