ಪುಣೆಯಲ್ಲಿ ಸರ್ಕಾರಿ ವಕೀಲಿಕೆಯ ಉಮೇದು

“ನಿಕಾಲ ಲಾಗ್ಲಾ,” ಎಂದು ಕಾರಕೂನರು ನನ್ನ ಮುಖ ನೋಡಿ ಹೇಳಿದರು. ನಾನು ಹೊರಗೆ ನಡೆದೆ.

ಅದು ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ನನ್ನ ಮೊದಲ ದಿನ. ಒಂದು ಪ್ರಕರಣ ಏನಾಯಿತೆಂದು ವಿಚಾರಿಸಿಕೊಂಡು ಬಾ ಎಂದು ಹೊಸ ಸೀನಿಯರ್ ಕಳಿಸಿದ್ದರು. ನಮ್ಮ ಯಾದಗಿರಿ ಕಡೆಯವರಿಗೆ ಅಷ್ಟಿಷ್ಟು ಹಿಂದಿ ಬರುತ್ತದೆ. ಆ ಹಿಂದಿಯಲ್ಲಿ ‘ನಿಕಲ್’ ಎಂದರೆ ‘ಆಚೆ ಹೋಗು’. ಶಹಾಪುರದ ಕೋರ್ಟಿನಲ್ಲಿ ಎಂಟು ವರ್ಷ ಕರಿ ಕೋಟು ಹಾಕಿದವಳನ್ನು ಹೀಗೆ ಹೊರಗೆ ಹಾಕುವುದೇ ಎಂದು ವರಾಂಡದಲ್ಲಿ ಗೋಡೆಗೆ ಆತು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅದೇ ಕಾರಕೂನರು ನನ್ನನ್ನು ಹುಡುಕಿಕೊಂಡು ಬಂದರು. “ಅಹೋ ಮ್ಯಾಡಂ, ನಿಕಾಲಾಚೀ ಪ್ರತ ನಕೋ ಕಾ?” ಅವರು ಕೇಳುತ್ತಿದ್ದುದು ತೀರ್ಪಿನ ಪ್ರತಿ ಬೇಡವೇ ಎಂದು. ಮರಾಠಿಯಲ್ಲಿ ನಿಕಾಲ ಎಂದರೆ ತೀರ್ಪು. ಪರೀಕ್ಷೆಯ ಫಲಿತಾಂಶಕ್ಕೂ ಅದೇ ಶಬ್ದ.

ಸಂಜೆ ತಂಗಿ ರೇಣುಕಾಗೆ ಇದನ್ನು ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಿನಗ್ಯಾರೂ ಹೊರಗ ಹಾಕಿಲ್ಲಕ್ಕಾ. ನೀನ ಎದ್ದು ಹೋಗೀದಿ.”

ರೇಣುಕಾ ಮಗರಪಟ್ಟಾದ ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಬರುವುದಕ್ಕೆ ಎರಡು ವರ್ಷ ಮೊದಲೇ ಪುಣೆ ಸೇರಿದ್ದಳು. ನನಗೆ ಆಗ ಮೂವತ್ತನಾಲ್ಕು. ಲಾ ಓದಿದ ದಿನದಿಂದ ನನಗಿದ್ದದ್ದು ಒಂದೇ ಆಸೆ: ಸರ್ಕಾರಿ ವಕೀಲಳಾಗಬೇಕು, ನೊಂದವರ ಪರವಾಗಿ ಸರ್ಕಾರದ ಹೆಸರಿನಲ್ಲಿ ಎದ್ದು ನಿಲ್ಲಬೇಕು. ಕರ್ನಾಟಕದ ಪರೀಕ್ಷೆಯನ್ನು ಒಮ್ಮೆ ಬರೆದು, ಆಯ್ಕೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದೆ. ಅಲ್ಲಿಂದಾಚೆ ಶಹಾಪುರದಲ್ಲಿ ಓದಲು ಕೂತರೆ ಬಂದವರೆಲ್ಲ ಅವ್ವನನ್ನು ಕೇಳುವ ಪ್ರಶ್ನೆ ಒಂದೇ: “ಸಾವಿತ್ರಿ ಲಗ್ನದ್ದೇನ್ ಮಾಡೀರಿ?” ಕೊನೆಗೆ ಅವ್ವನೇ ಬೇಸತ್ತು, “ತಂಗಿ ಕಡೀ ಹೋಗು. ಅಲ್ಲಿ ಕುಂತು ಓದು. ನಿನ್ನ ಕೇಳಾವ್ರು ಯಾರೂ ಇರಂಗಿಲ್ಲ,” ಎಂದು ಕಳಿಸಿದಳು.

ಕೇಳುವವರು ಇದ್ದರು. ಪ್ರಶ್ನೆ ಮಾತ್ರ ಬೇರೆ. ಹಡಪಸರದಲ್ಲಿ ನಮ್ಮದು ಎರಡನೇ ಮಾಳಿಗೆಯ ಒಂದೇ ಕೋಣೆ, ಕೆಳಗೆ ಮನೆಯೊಡತಿ. ಅವರನ್ನು ಎಲ್ಲರೂ ಕಾಕೂ ಎನ್ನುತ್ತಾರೆ, ಅಂದರೆ ಚಿಕ್ಕಮ್ಮ. ಏನು ಮಾಡುತ್ತೀ ಎಂದು ಕೇಳಿದಾಗ ನಾನು ಹೆದರಿಕೊಂಡೇ “ಅಭ್ಯಾಸ” ಎಂದೆ. ಕಾಕೂ ಹುಬ್ಬೇರಿಸಲಿಲ್ಲ. “ಯಾವ ಪರೀಕ್ಷೆ? ಎಷ್ಟನೇ ಸಲ?” ಎಂದರು, ಬಸ್ಸಿನ ನಂಬರು ಕೇಳುವ ಹಾಗೆ. ಈ ಊರಿನಲ್ಲಿ ಇಪ್ಪತ್ತರವರೂ ಓದುತ್ತಾರೆ, ತಲೆ ನರೆತವರೂ ಓದುತ್ತಾರೆ. ಓದುವುದೇ ಇಲ್ಲಿ ಒಂದು ಕಸುಬು. ನನಗೆ ಪುಣೆ ಮೊದಲು ಹಿಡಿಸಿದ್ದು ಆ ಕಾರಣಕ್ಕೆ.

ಹಿಡಿಸದ್ದು ಬೇಳೆ. ಮೊದಲ ವಾರ ಕಾಕೂ ಒಂದು ಬಟ್ಟಲು ಆಮಟಿ ಕಳಿಸಿದರು. ಆಮಟಿ ಎಂದರೆ ನಮ್ಮ ಸಾರಿನಂಥದ್ದೇ, ಆದರೆ ಅದಕ್ಕೆ ಬೆಲ್ಲ ಬೀಳುತ್ತದೆ. “ಬ್ಯಾಳ್ಯಾಗ ಬೆಲ್ಲಾ ಹಾಕ್ಯಾರಲ್ಲೇ!” ಎಂದು ನಾನು ರೊಟ್ಟಿ ಕೈಯಲ್ಲಿ ಹಿಡಿದು ಕೂತೇ ಬಿಟ್ಟೆ. ಬಟ್ಟಲನ್ನು ಖಾಲಿ ಕೊಡಬಾರದೆಂದು ಅವ್ವ ಕೊಟ್ಟ ಶೇಂಗಾ ಚಟ್ನಿ ಹಾಕಿ ಕಳಿಸಿದೆವು. ಕಾಕೂ ಖಾರಕ್ಕೆ ಬಂದ ಕಣ್ಣೀರು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. ಜಗಳಕ್ಕೆ ಬಂದರೆಂದುಕೊಂಡೆ. ಅವರು ಬಂದದ್ದು ಹೇಗೆ ಕುಟ್ಟುತ್ತೀರಿ ಎಂದು ಕೇಳಲು.

ಕೋರ್ಟಿನ ಮರಾಠಿ ಬಾಯಿಗೆ ಹತ್ತಲು ಒಂದು ವರ್ಷ ಬೇಕಾಯಿತು. ಅದರಲ್ಲಿ ಅರ್ಧ ನನಗೆ ಮೊದಲೇ ಗೊತ್ತಿತ್ತು ಎಂಬುದೇ ವಿಚಿತ್ರ. ಫಿರ್ಯಾದಿ, ಆರೋಪಿ, ಪಂಚನಾಮಾ, ಜಾಮೀನು ಎಲ್ಲ ನಮ್ಮವೇ. ಉಳಿದರ್ಧ ಕಾಲು ಎಡವಿಸುತ್ತಿತ್ತು. ನಮ್ಮ ಪಾಟಿಸವಾಲು ಇಲ್ಲಿ ‘ಉಲಟ ತಪಾಸ’. ಮುಂದಕ್ಕೆ ಹಾಕಿದ ಪ್ರಕರಣ ‘ತಹಕೂಬ’. ಸೀನಿಯರ್ ಮ್ಯಾಡಂ ಅರವತ್ತು ದಾಟಿದವರು, ಮಾತು ಕಡಿಮೆ. ದಿನಾ ಬೆಳಿಗ್ಗೆ ಒಂದು ಹಳೆಯ ಕಡತ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ಪೊಲೀಸರ ಕೈಬರಹದಲ್ಲಿ ನಾನು ತಡವರಿಸಿದರೆ ಅವರು ತಿದ್ದುತ್ತಿರಲಿಲ್ಲ, ಕಾಯುತ್ತಿದ್ದರು. ಆ ಕಾಯುವಿಕೆ ಬೈಗುಳಕ್ಕಿಂತ ಭಾರ.

ಸಂಜೆ ನಾನು ಅಭ್ಯಾಸಿಕೆಗೆ ಹೋಗುತ್ತಿದ್ದೆ. ಪರೀಕ್ಷೆಗೆ ಓದುವವರಿಗಾಗಿ ಇಲ್ಲಿನ ಹಳೆಯ ಪೇಠೆಗಳ ಓಣಿಗಳಲ್ಲಿ ಇಂಥ ಕೋಣೆಗಳಿವೆ. ಉದ್ದನೆಯ ಹಾಲ್, ಎದೆಯೆತ್ತರದ ಹಲಗೆ ಹೊಡೆದು ಮಾಡಿದ ಗೂಡುಗಳು, ಪ್ರತಿ ಗೂಡಿಗೆ ಒಂದು ನಂಬರು. ಗೋಡೆಯ ಮೇಲೊಂದು ಫಲಕ: ‘ನಿಟ್ಟುಸಿರು ಬಿಡಬೇಡಿ. ಪಕ್ಕದವರಿಗೂ ಅದೇ ಚಿಂತೆ ಇದೆ.’ ನನ್ನ ಪಕ್ಕದ ಗೂಡಿನಲ್ಲಿ ಪ್ರಾಜಕ್ತಾ ಇದ್ದಳು, ಚಂದ್ರಪುರ ಜಿಲ್ಲೆಯವಳು, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಮೊದಲ ದಿನವೇ ನನ್ನನ್ನು “ತಾಯಿ” ಎಂದಳು. ಮದುವೆಯೇ ಆಗದವಳಿಗೆ ಇದೇನು ಎಂದು ಬೆಚ್ಚಿದೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ.

ಒಳಗೆ ಮಾತಾಡುವಂತಿಲ್ಲವಾದ್ದರಿಂದ ನಮ್ಮ ಗೆಳೆತನವೆಲ್ಲ ಬೆಳೆದದ್ದು ಮೆಟ್ಟಿಲ ಮೇಲೆ. ಅವಳು ನನಗೆ ಮರಾಠಿ ತಿದ್ದುವಳು. ನಾನು ಅವಳಿಗೆ ಸಾಕ್ಷ್ಯ ಕಾಯಿದೆ ಬಿಡಿಸಿ ಹೇಳುವೆ. ಪುಣೆಯವರು ತನ್ನ ಮರಾಠಿಗೂ ನಗುತ್ತಾರೆ ಎಂದು ಅವಳೇ ಹೇಳಿದಳು. “ನಮ್ಮ ಕಡೆ ಮಾತಿನಲ್ಲಿ ಹಿಂದಿ ಬೆರೆಯುತ್ತೆ ತಾಯಿ. ಅಂಗಡಿಯವನು ನನಗೆ ಹಿಂದಿಯಲ್ಲೇ ಉತ್ತರ ಕೊಡ್ತಾನೆ.” ತನ್ನದೇ ರಾಜ್ಯದಲ್ಲಿ ಅವಳಿಗೂ ಹೀಗಾಗುತ್ತದೆ ಎಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವಾಯಿತು. ಒಳ್ಳೆಯ ಸಮಾಧಾನವಲ್ಲ, ಆದರೂ ಸಮಾಧಾನ.

ನಾನು ಬಂದ ಮೂರನೇ ವರ್ಷ ಮಹಾರಾಷ್ಟ್ರದಲ್ಲಿ ಸಹಾಯಕ ಸರ್ಕಾರಿ ವಕೀಲರ ಹುದ್ದೆಗಳಿಗೆ ಅರ್ಜಿ ಕರೆದರು. ಅದೇ ಮೆಟ್ಟಿಲ ಮೇಲೆ ಪ್ರಾಜಕ್ತಾಳ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ತುಂಬಲು ಕೂತೆವು. ಜಾತಿಯ ಕಾಲಂ ಬಂದಾಗ ಅವಳ ಬೆರಳು ನಿಂತಿತು.

“ತಾಯಿ, ನಿಮ್ಮ ಪ್ರಮಾಣಪತ್ರ ಕರ್ನಾಟಕದ್ದಲ್ಲವಾ? ಇಲ್ಲಿ ನಡೆಯಲ್ಲ. ನಿಮ್ಮದು ಓಪನ್, ಮೀಸಲಾತಿ ಇಲ್ಲ.”

“ಇರಲಿ ಬಿಡು.”

“ವಯಸ್ಸಿನ ರಿಯಾಯಿತಿಯೂ ಸಿಗಲ್ಲ.”

ನಾವಿಬ್ಬರೂ ಲೆಕ್ಕ ಹಾಕಿದೆವು. ನನಗಾಗ ಮೂವತ್ತೇಳು, ಇಲ್ಲಿ ಓಪನ್‌ನವರಿಗೆ ಮೂವತ್ತೆಂಟೇ ಮಿತಿ. ಕರ್ನಾಟಕದಲ್ಲಾದರೆ ಇನ್ನೂ ಕೆಲವು ವರ್ಷ ಅರ್ಜಿ ಹಾಕಬಹುದಿತ್ತು. ಮಹಾರಾಷ್ಟ್ರದಲ್ಲಿ ಇದೇ ಮೊದಲು, ಇದೇ ಕಡೆ. ಗಡಿ ದಾಟಿ ಬಂದಾಗ ಪೆಟ್ಟಿಗೆ ತಂದಿದ್ದೆ, ಪುಸ್ತಕ ತಂದಿದ್ದೆ. ಆದರೆ ಜಾತಿ ಹಿಂದೆಯೇ ಉಳಿದಿತ್ತು, ಅದರ ಜೊತೆ ವಯಸ್ಸೂ. ಅದೇ ಹೆಂಗಸು ಒಂದು ರಾಜ್ಯದಲ್ಲಿ ಹರೆಯದವಳು, ಇನ್ನೊಂದರಲ್ಲಿ ಮುದುಕಿ ಆಗಬಹುದೆಂದು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ.

ಆ ಹೊತ್ತಿಗೆ ಕರ್ನಾಟಕದಲ್ಲೂ ಅರ್ಜಿ ಕರೆದರು. ಅದನ್ನೂ ತುಂಬಿದೆ. ಎರಡೂ ಪರೀಕ್ಷೆಗಳ ದಿನ ಗೊತ್ತಾದಾಗ ನೋಡಿದರೆ ಎರಡೂ ಒಂದೇ ಭಾನುವಾರ. ಒಂದು ಪುಣೆಯಲ್ಲಿ, ಒಂದು ಕಲಬುರಗಿಯಲ್ಲಿ.

ಅವ್ವ ಫೋನಿನಲ್ಲಿ, “ನಮ್ಮ ಭಾಷಾ ಬಿಟ್ಟು ಅಲ್ಲೇನ್ ಮಾಡ್ತೀ? ಬಾ ಇಲ್ಲಿಗೆ,” ಎಂದಳು. ರೇಣುಕಾ ಎರಡು ದಿನ ನನ್ನ ಮುಖ ನೋಡಲಿಲ್ಲ. ನಾನು ಹೋದರೆ ಅವಳು ಮತ್ತೆ ಒಬ್ಬಳೇ. ಮ್ಯಾಡಮ್ಮರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ವಕೀಲರ ಭಾಷೆಯಲ್ಲೇ ಹೇಳಿದರು: “ಎರಡು ದಾವೆ ಇದ್ದರೆ ಯಾವುದರ ಮುದ್ದತು ಮುಗಿಯುತ್ತಿದೆಯೋ ಅದನ್ನು ಮೊದಲು ಹೂಡಬೇಕು. ಇನ್ನೊಂದು ಕಾಯುತ್ತದೆ.”

ಆದರೂ ಶನಿವಾರ ಸಂಜೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಸ್ವಾರಗೇಟ ಬಸ್ ನಿಲ್ದಾಣಕ್ಕೆ ಹೋದೆ. ಚೀಲದಲ್ಲಿ ಎರಡೂ ಹಾಲ್ ಟಿಕೆಟ್ ಇದ್ದವು. ಕಲಬುರಗಿ ಬಸ್ಸಿನ ಬಾಗಿಲಲ್ಲಿ ಕಂಡಕ್ಟರು ಕೂಗುತ್ತಿದ್ದ. ನನ್ನನ್ನು ನೋಡಿದ ಕೂಡಲೇ, ನಾನು ಬಾಯಿ ಬಿಡುವ ಮೊದಲೇ, “ಬರ್ರಿ ಅಕ್ಕಾರ, ಮುಂದಿನ ಸೀಟ್ ಅದ ನೋಡ್ರಿ,” ಎಂದ. ಹೇಗೆ ಗುರುತು ಹಿಡಿದನೋ. ಮೂರು ವರ್ಷದಲ್ಲಿ ಅಪರಿಚಿತರೊಬ್ಬರು ನನ್ನನ್ನು ಕನ್ನಡದಲ್ಲಿ ಮೊದಲು ಮಾತಾಡಿಸಿದ್ದು ಅದೇ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೇ ಬಿಟ್ಟಿದ್ದೆ.

“ಇಲ್ರಿ, ಬರಂಗಿಲ್ಲ. ಸುಮ್ನ ನೋಡಾಕ ಬಂದಿದ್ದೆ.”

“ಬಸ್ ನೋಡಾಕ ಬಂದೀರೇನ್ರಿ?” ಎಂದು ಅವನು ನಕ್ಕ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು ಮನೆಗೆ ಬಂದೆ. ಬಾಗಿಲು ತೆಗೆದ ರೇಣುಕಾ ತಟ್ಟೆ ಹಾಕಿದಳು. ಅವಳ ಕಣ್ಣು ಕೆಂಪಾಗಿದ್ದವು.

ಪುಣೆಯ ಪರೀಕ್ಷೆ ಬರೆದೆ. ಪ್ರಾಜಕ್ತಾಳೂ ಬರೆದಳು. ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು.

ಮೇಜಿನ ಆಚೆ ಮೂವರು ಕೂತಿದ್ದರು. ನಡುವಿನ ಹಿರಿಯರು ನನ್ನ ಅರ್ಜಿ ತಿರುವಿ, “ಮಾತೃಭಾಷೆ ಕನ್ನಡ. ಸಾಕ್ಷಿದಾರಳು ಮರಾಠಿಯಲ್ಲಿ ಅತ್ತರೆ ನಿಮಗೆ ಅರ್ಥವಾಗುತ್ತದೆಯೇ?” ಎಂದರು.

“ಅಳುವುದು ಯಾರಿಗಾದರೂ ಅರ್ಥವಾಗುತ್ತದೆ ಸರ್. ಹೇಳುವುದು ಅರ್ಥವಾಗಲಿ ಎಂದು ಮೂರು ವರ್ಷ ಕಲಿತಿದ್ದೇನೆ.”

“ಹಾಗಾದರೆ ಈ ಕೋಣೆಯ ಪಂಚನಾಮಾ ಹೇಳಿ. ಮರಾಠಿಯಲ್ಲಿ.”

ಪೊಲೀಸರು ಪಂಚರ ಎದುರು ಸ್ಥಳವನ್ನು ಕಂಡ ಹಾಗೆ ಬರೆಯುವುದೇ ಪಂಚನಾಮಾ. ಅಂಥ ನೂರಾರು ಕಾಗದಗಳನ್ನು ಮ್ಯಾಡಮ್ಮರ ಎದುರು ಓದಿದ್ದೆ. ಒಂದು ಬಾಗಿಲು, ಎರಡು ಕಿಟಕಿ, ಮೂರು ಚಹಾದ ಕಪ್ಪು, ಅದರಲ್ಲಿ ಒಂದು ಖಾಲಿ ಎಂದು ಶುರು ಮಾಡಿದೆ. ಬಾಗಿಲು ಯಾವ ದಿಕ್ಕಿಗೆ ಎಂದು ಹೇಳಬೇಕಲ್ಲ, ಅದಕ್ಕೆ ಪೂರ್ವ ಯಾವ ಕಡೆ ಎಂದು ಕೇಳಿದೆ. ಇಬ್ಬರು ಎರಡು ಬೇರೆ ಬೇರೆ ಕಡೆ ಕೈ ತೋರಿಸಿದರು, ಮೂರನೆಯವರು ನಕ್ಕರು. ಕೊನೆಗೆ ಕೋಣೆಯಲ್ಲಿದ್ದ ವ್ಯಕ್ತಿಗಳ ಸರದಿ ಬಂತು. “ಒಬ್ಬಳು ಉಮೇದವಾರಳು, ವಯಸ್ಸು ಮೂವತ್ತೇಳು,” ಎಂದೆ. “ಸಧ್ಯಾ ರಾಹಣಾರ ಹಡಪಸರ, ಮೂಳ ರಾಹಣಾರ ಶಹಾಪುರ.” ಸದ್ಯ ಇರುವ ಊರು, ಮೂಲದ ಊರು. ಹೊರಗಿನಿಂದ ಬಂದವರ ಹೆಸರಿನ ಮುಂದೆ ಇಲ್ಲಿನ ಪೊಲೀಸರು ಹಾಗೇ ಬರೆಯುತ್ತಾರೆ.

“ಒಂದೇ ಊರು ಬರೆದರೆ ಸಾಲದೇ?” ಎಂದರು ಹಿರಿಯರು.

“ಸಮನ್ಸ್ ಎಲ್ಲಿ ಮುಟ್ಟುತ್ತದೋ ಗೊತ್ತಿರುವುದಿಲ್ಲ ಸರ್. ಅದಕ್ಕೇ ಎರಡೂ ಬರೆಯುತ್ತಾರೆ.”

ಅವರು ಏನನ್ನೋ ಗುರುತು ಹಾಕಿಕೊಂಡರು. ಹೊರಗೆ ಬಂದಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಪಟ್ಟಿ ಬಂದಾಗ ಪ್ರಾಜಕ್ತಾಳ ಹೆಸರಿತ್ತು, ನನ್ನದಿರಲಿಲ್ಲ. ಓಪನ್ ಪಟ್ಟಿಯ ಕೊನೆಯ ಹೆಸರಿಗೂ ನನಗೂ ನಡುವೆ ಇದ್ದದ್ದು ಕೆಲವೇ ಅಂಕ. ಪ್ರಾಜಕ್ತಾ ಪೇಢೆ ತಂದವಳು ನನ್ನ ಕೈಗೆ ಕೊಡಲಾರದೆ ಮೆಟ್ಟಿಲ ಮೇಲೆ ನಿಂತಿದ್ದಳು. ನಾನೇ ಡಬ್ಬಿ ಕಸಿದುಕೊಂಡು ಮೊದಲು ಅವಳ ಬಾಯಿಗೆ ಹಾಕಿದೆ. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾದೀತು. ಒಂದು ವಾರ ಅಭ್ಯಾಸಿಕೆಗೆ ಹೋಗಲಿಲ್ಲ. ಎಂಟನೇ ದಿನ ಹೋದೆ. ಪಕ್ಕದ ಗೂಡಿನಲ್ಲಿ ಹೊಸಬಳೊಬ್ಬಳು ಪುಸ್ತಕ ಜೋಡಿಸುತ್ತಿದ್ದಳು.

ಇದಾಗಿ ವರ್ಷವಾಯಿತು. ಕರ್ನಾಟಕದಲ್ಲಿ ಈಗ ಮತ್ತೆ ಅರ್ಜಿ ಕರೆದಿದ್ದಾರೆ, ಹಾಕಿದ್ದೇನೆ. ಅಲ್ಲಿ ನನಗಿನ್ನೂ ವಯಸ್ಸಿದೆ. ರೇಣುಕಾ ಈ ಸಲ, “ಹೋದ್ರ ಹೋಗು, ನನಗೇನೂ ಆಗಂಗಿಲ್ಲ,” ಎನ್ನುತ್ತಾಳೆ. ಹೇಳುವಾಗ ಬೇರೆ ಕಡೆ ನೋಡುತ್ತಾಳೆ. ಸಾರಿಗೆ ನಾನು ಚೂರು ಬೆಲ್ಲ ಹಾಕತೊಡಗಿದ್ದನ್ನು ಅವ್ವನಿಗೆ ಇಬ್ಬರೂ ಹೇಳಿಲ್ಲ.

ಪ್ರಾಜಕ್ತಾಳನ್ನು ಹಾಕಿದ್ದು ಸಾಂಗ್ಲಿ ಜಿಲ್ಲೆಯ ಜತ್ತಕ್ಕೆ, ಗಡಿಯ ತಾಲೂಕು. ಮೊನ್ನೆ ಮಧ್ಯಾಹ್ನ ಕೋರ್ಟಿನ ಬಿಡುವಿನಲ್ಲಿ ಅವಳ ಫೋನ್ ಬಂತು. ದನಿಯಲ್ಲಿ ಗಾಬರಿ.

“ತಾಯಿ, ಇಲ್ಲಿ ಒಬ್ಬ ಅಜ್ಜಿ ಸಾಕ್ಷಿ ಹೇಳಲು ಬಂದಿದ್ದಾಳೆ. ಕನ್ನಡ ಬಿಟ್ಟರೆ ಬೇರೆ ಬರಲ್ಲ. ಒಳಗೆ ಭಾಷಾಂತರ ಮಾಡುವವರು ಇದ್ದಾರೆ, ಆದರೆ ಈಗ ವರಾಂಡದಲ್ಲಿ ಅಳುತ್ತಾ ಒಂದೇ ಶಬ್ದ ಹೇಳುತ್ತಾಳೆ. ಬ್ಯಾಸರಾ, ಬ್ಯಾಸರಾ. ಹಾಗೆಂದರೆ ಕಂಟಾಳಾನಾ?”

ಕಂಟಾಳಾ ಎಂದರೆ ಮಾಡಲು ಏನೂ ಇಲ್ಲದಾಗ ಆಗುವ ಬೇಜಾರು. ಅಲ್ಲ ಎಂದೆ. ದುಃಖವೇ ಎಂದಳು. ಅದೂ ಪೂರ್ತಿ ಅಲ್ಲ. ಜೀವ ಸಾಕಾಗಿ, ಹೇಳಿಕೊಳ್ಳಲು ನಮ್ಮವರು ಯಾರೂ ಹತ್ತಿರ ಇಲ್ಲದಾಗ ಆಗುವುದು ಅದು ಎಂದು ಮರಾಠಿಯಲ್ಲಿ ಹೇಳಲು ನೋಡಿದೆ. ಮೂರು ಸಲ ತಪ್ಪಿತು. ಕೊನೆಗೆ, “ಅರ್ಥ ಇರಲಿ, ನಾನು ಹೇಳಿದ ಹಾಗೆ ಅವಳಿಗೆ ಹೇಳು. ಹೆದರಬ್ಯಾಡ್ರಿ ಅವ್ವಾ, ನಾ ಅದೀನಿ,” ಎಂದೆ.

“ಹೆದರ ಬ್ಯಾಡ್ರಿ ಅವ್ವಾ. ನಾ ಅದೀನಿ.” ಪ್ರಾಜಕ್ತಾಳ ಬಾಯಲ್ಲಿ ನಮ್ಮ ಮಾತು ಹೊಸ ಚಪ್ಪಲಿ ಹಾಕಿಕೊಂಡ ಹಾಗೆ ಹೆಜ್ಜೆ ಹೆಜ್ಜೆಗೂ ಸದ್ದು ಮಾಡಿತು.

ಆ ಕಡೆ, ದೂರದಿಂದ, ಮುದಿ ದನಿಯೊಂದು, “ಹೂಂ ನನ್ನವ್ವಾ. ನೀ ಯಾ ಊರಾಕಿ ಯವ್ವಾ?” ಎಂದಿತು.

ಅಜ್ಜಿ ಕೇಳಿದ್ದು ಪ್ರಾಜಕ್ತಾಳನ್ನು. ಉತ್ತರ ಕೊಡಲು ಬಾಯಿ ತೆರೆದದ್ದು ನಾನು. ಅಷ್ಟರಲ್ಲಿ ನನ್ನ ಹಿಂದೆ, ಶಿವಾಜಿನಗರ ಕೋರ್ಟಿನ ಬಾಗಿಲಲ್ಲಿ, ನಮ್ಮ ಪ್ರಕರಣದ ಹೆಸರು ಕೂಗಿದರು. ಫೋನನ್ನು ಕಿವಿಗೆ ಹಿಡಿದುಕೊಂಡೇ ತಿರುಗಿ, ಬಂದೆ ಎಂಬುದಕ್ಕೆ “ಆಲೇ, ಆಲೇ,” ಎಂದು ಮರಾಠಿಯಲ್ಲಿ ಕೂಗಿ ಒಳಗೆ ಓಡಿದೆ.